ಉಲ್ಟಾ ಉಪ್ಪು

ಕಾಸಿದರೆ ಕರಗಬೇಕು. ಬೆಲ್ಲವಾಗಲಿ, ಸಕ್ಕರೆಯಾಗಲಿ, ಬಿಸಿನೀರಿಗೆ ಬಿದ್ದರೆ ಬೇಗ ಕರಗುತ್ತದೆ ಎನ್ನುವುದು ಒಲೆ ಹಚ್ಚಲು ಕಲಿತ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ. ಆದರೆ ಕಲ್ಲಹಂಗರಗಿಯ ನೆಲದಡಿ ಹರಿಯುತ್ತಿದ್ದ ಉಪ್ಪಿಗೆ ಈ ಧರ್ಮ ಗೊತ್ತಿರಲಿಲ್ಲ. ಅದು ತಣ್ಣೀರಿನಲ್ಲಿ ಸೊಗಸಾಗಿ ಕರಗುತ್ತಿತ್ತು. ಕಾಸಿದರೆ ಮುನಿಸಿಕೊಂಡು ಹರಳಾಗಿ ಕೂತುಬಿಡುತ್ತಿತ್ತು. ಪುಸ್ತಕದಲ್ಲಿ ಅದರ ಹೆಸರು ಸೀರಿಯಮ್ ಸಲ್ಫೇಟ್, ವಿರಳ ಭೂಲೋಹಗಳ ಮನೆತನದ್ದು. ಊರಿನವರ ಬಾಯಲ್ಲಿ ಉಲ್ಟಾ ಉಪ್ಪು.

ಕಾಗಿಣಾ ಹೊಳೆಯ ದಂಡೆಯ ಆ ಊರಿನಲ್ಲಿ ಬೇಸಿಗೆಯ ಕಾವು ನಲವತ್ತೆಂಟು ಮುಟ್ಟುವುದು ವಾಡಿಕೆಯಾದ ಮೇಲೆ, ಮನೆಗೊಂದು ಎಸಿ ಓಡಿಸುವಷ್ಟು ಕರೆಂಟು ಎಲ್ಲಿಂದಲೂ ಹುಟ್ಟಲಿಲ್ಲ. ಆಗ ಬಂದದ್ದು ಈ ಉಪ್ಪು. ಊರಾಚೆ ಪಾಳುಬಿದ್ದ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯ ತಳದಲ್ಲಿ ಉಪ್ಪಿನ ನೀರು ತಣ್ಣಗೆ ನಿಂತಿರುತ್ತದೆ. ಅಲ್ಲಿಂದ ಪೈಪಿನಲ್ಲಿ ಹೊರಟು ಮನೆಮನೆಯ ನೆಲದಡಿ ಹಾಯುವಾಗ ಕೋಣೆಯ ಕಾವನ್ನು ಹೀರಿ ಸಣ್ಣ ರವೆಯಂಥ ಹರಳಾಗುತ್ತದೆ. ಹರಳಾಗುವುದಕ್ಕೇ ಅದಕ್ಕೆ ಕಾವು ಬೇಕು, ಹಾಗಾಗಿ ಬರೀ ತಣ್ಣೀರು ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು ಕಾವನ್ನು ಕುಡಿಯುತ್ತದೆ. ಆ ರವೆಯ ಗಂಜಿ ಗಣಿಗೆ ಮರಳಿ, ರಾತ್ರಿಯ ತಂಪಿಗೆ ಮತ್ತೆ ಕರಗುತ್ತದೆ, ಕರಗುವಾಗ ಹಗಲು ಕುಡಿದದ್ದನ್ನೆಲ್ಲ ಕಕ್ಕುತ್ತದೆ. ಇದನ್ನು ನಂಬಿ ಊರು ಮನೆಗಳನ್ನೇ ಬೇರೆ ಥರ ಕಟ್ಟಿಕೊಂಡಿತು. ಜೋಡು ಗೋಡೆ, ಉಸಿರಾಡಲು ಒಂದು ಗಾಳಿ ಕೊಳವೆ, ಕಿಟಕಿಯಂತೂ ಇಲ್ಲವೇ ಇಲ್ಲ. ಉಪ್ಪು ಹರಿದರೆ ಅದು ಮನೆ, ನಿಂತರೆ ಭಟ್ಟಿ.

ಆ ಉಪ್ಪು ನಿಲ್ಲದ ಹಾಗೆ ನೋಡಿಕೊಳ್ಳುವುದು ಜಗದೇವಿಯ ಕೆಲಸ. ತಂಪು ಕೇಂದ್ರದಲ್ಲಿ ರಸಾಯನದ ಹೊಣೆ ಅವಳದು. ಕೆಲಸಗಾರರೆಲ್ಲ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯಿಂದ ಬಂದವರು, ಅವಳ ಗಂಡ ಅಂಬಾರಾಯನೂ ಅಲ್ಲಿ ಕಬ್ಬಿನ ರಸ ಕುದಿಸುತ್ತಿದ್ದವನೇ. ಅವರಿಗೆಲ್ಲ ಅವಳು ಮಗ್ಗಿ ಬಾಯಿಪಾಠ ಮಾಡಿಸಿದಂತೆ ಒಂದೇ ಮಾತು ಹೇಳಿಸಿದ್ದಳು: ಹರಿದರೆ ರವೆ, ನಿಂತರೆ ಗಾರೆ. ಬಿಸಿ ಸ್ವಲ್ಪ ಅತಿಯಾದರೂ ಹರಳು ಪೈಪಿನ ಗೋಡೆಗೆ ಕಚ್ಚುತ್ತದೆ, ಕಚ್ಚಿದ ಹರಳಿನ ಮೇಲೆ ಇನ್ನಷ್ಟು ಕೂರುತ್ತದೆ, ಆಮೇಲೆ ದೇವರೇ ಗತಿ.

ಇಂಥ ಜಗದೇವಿಯ ಮನೆಯಲ್ಲೇ ಆ ಬೇಸಿಗೆ ಬಾಣಂತನ ಬಂತು. ಮಗಳು ಭುವನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಹುಟ್ಟಿದ ಗಂಡುಕೂಸು ಅಂಗೈ ಅಗಲ ಇತ್ತು. ದವಾಖಾನೆಯವರು ಹುಷಾರಾಗಿ ನೋಡಿಕೊಳ್ಳಿ ಎಂದು ಮನೆಗೆ ಕಳಿಸಿದ್ದರು. ಇನ್ನೂ ಹೆಸರಿಟ್ಟಿರಲಿಲ್ಲ. ಅಂಬಾರಾಯನ ತಾಯಿ ಕಸ್ತೂರೆವ್ವ ಅದನ್ನು ಸೆರಗಿನೊಳಗಿಂದ ಇಳಿಸುತ್ತಲೇ ಇರಲಿಲ್ಲ.

ಆ ದಿನ ಬೆಳಗ್ಗೆ ಅತ್ತೆ ಸೊಸೆಗೆ ಮಾತಿಗೆ ಮಾತು ಬೆಳೆಯಿತು. ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಗೆ ಇಡದೆ ತಾನು ಯಾವ ಬಾಣಂತನವನ್ನೂ ಮಾಡಿಲ್ಲ, ಈ ಕೋಣೆ ಬಾವಿಯ ತಳ ಆಗಿದೆ ಎಂದು ಕಸ್ತೂರೆವ್ವನ ತಕರಾರು. ಜಗದೇವಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳು ಗೋಡೆಯ ಮೀಟರಿಗೆ ಬೆರಳು ತೋರಿಸಿದಳು.

"ಮೀಟರ್ ನೋಡ್ರಿ ಅತ್ತಿ. ಇಪ್ಪತ್ತೈದು. ಊರಿಗೆಲ್ಲಾ ಎಷ್ಟು ಅದನೋ ನಮಗೂ ಅಷ್ಟೇ."

"ಮೀಟರಿಗೇನು ಕಾಲು ಅವಾ, ಥಂಡಿ ಹತ್ತಲಿಕ್ಕ? ಬಂದು ಕೂಸಿನ ಅಂಗಾಲು ಮುಟ್ಟಿ ನೋಡು."

ಜಗದೇವಿ ಮುಟ್ಟಿ ನೋಡಲಿಲ್ಲ. ಹೊರಗೆ ಬಿಸಿಲು ಏರುತ್ತಿತ್ತು, ಹವಾಮಾನದವರು ಆ ದಿನಕ್ಕೆ ಕೆಂಪು ಎಚ್ಚರಿಕೆ ಕೊಟ್ಟಿದ್ದರು. ಕೆಂಡ ಒಳಗೆ ತಂದರೆ ಹೊಗೆಯ ಗಂಟೆ ಹೊಡೆದು ಕೇಂದ್ರದಿಂದ ಜನ ಬರುತ್ತಾರೆ, ಮನೆತನದ ಮಾನ ಹೋಗುತ್ತದೆ ಎಂದು ಹೇಳಿ ಸ್ಕೂಟರ್ ಹತ್ತಿದಳು. ಕಸ್ತೂರೆವ್ವ ಸುಮ್ಮನಾದಳು. ಆ ಮುದುಕಿ ಸುಮ್ಮನಾದರೆ ಒಪ್ಪಿದಳು ಎಂದು ತಿಳಿಯುವವರು ಆ ಮನೆಗೆ ಹೊಸಬರೇ ಇರಬೇಕು. ಜಗದೇವಿ ಹೊಸಬಳಲ್ಲ, ಆದರೆ ಅವಸರದಲ್ಲಿದ್ದಳು.

ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ತಂಪು ಕೇಂದ್ರದ ಗೋಡೆಯ ಮೇಲಿನ ನಕಾಶೆಯಲ್ಲಿ ಒಂದು ಗೆರೆ ಹಳದಿಗೆ ತಿರುಗಿತು. ಕವಾಟಗಳನ್ನೆಲ್ಲ ಅಲ್ಲಿಂದಲೇ ತೆರೆದು ಮುಚ್ಚುವ ಎಂಜಿನಿಯರ್ ಮೊಯಿನ್ ಪಟೇಲ್ ಚಪಾತಿ ಕೆಳಗಿಟ್ಟು ಎದ್ದುನಿಂತ. ಹರಿವು ಇಳಿಯುತ್ತಿತ್ತು, ಪೈಪಿನೊಳಗಿನ ಒತ್ತಡ ಏರುತ್ತಿತ್ತು.

"ಯಾವ ಓಣಿ?" ಎಂದಳು ಜಗದೇವಿ, ಗೆರೆ ಯಾವುದೆಂದು ಕಣ್ಣಿಗೆ ಕಾಣುತ್ತಿದ್ದರೂ.

"ಕುಂಬಾರ ಓಣಿ, ಮೇಡಂ," ಎಂದ ಮೊಯಿನ್. ಅವಳ ಮನೆ ಅಲ್ಲೇ ಇದೆಯೆಂದು ಅವನಿಗೂ ಗೊತ್ತು, ಅದಕ್ಕೇ ಅವಳ ಮುಖ ನೋಡಲಿಲ್ಲ.

ನಿಯಮ ಇಬ್ಬರಿಗೂ ಬಾಯಿಪಾಠ. ಒತ್ತಡ ಕೆಂಪು ಗೆರೆ ದಾಟಿದರೆ ಆ ಓಣಿಯ ಹೆಬ್ಬಾಗಿಲ ಕವಾಟ ಮುಚ್ಚಬೇಕು. ಮುಚ್ಚದಿದ್ದರೆ ಗಣಿಯ ಪಂಪು ಕೆಟ್ಟು ಕೂರುತ್ತದೆ, ಪಂಪು ಕೂತರೆ ಇಡೀ ಊರು ಬೇಯುತ್ತದೆ. ಮುಚ್ಚಿದರೆ ಆ ಓಣಿ ಒಂದೇ ಬೇಯುತ್ತದೆ, ಆದರೆ ಅಲ್ಲಿ ಕಟ್ಟಿದ ಉಪ್ಪು ಮತ್ತೆ ಬಿಡುವುದು ಬೇಸಿಗೆ ಕಳೆದ ಮೇಲೆಯೇ. ಕುಂಬಾರ ಓಣಿ ಊರಿನ ಕೊನೆಯದು. ಅಲ್ಲಿಂದ ಬೇರೆ ಓಣಿಗೆ ಬರಬೇಕೆಂದರೆ ರೈಲು ಹಳಿ ದಾಟಿ ಬಯಲಿನಲ್ಲಿ ನಡೆಯಬೇಕು. ಆ ಬಿಸಿಗಾಳಿಯಲ್ಲಿ ಅಂಗೈ ಅಗಲದ ಕೂಸನ್ನು ಎತ್ತಿಕೊಂಡು ಹೋಗುವುದು ಆಗದ ಮಾತು. ಮೊಯಿನ್ ಜನರನ್ನು ಸಾಗಿಸುವ ತಂಪು ವ್ಯಾನುಗಳಿಗೆ ಫೋನ್ ಮಾಡಿದ. ಎಲ್ಲವೂ ಬೇರೆ ಬೇರೆ ಊರುಗಳಿಗೆ ಹೋಗಿದ್ದವು, ಸಂಜೆಯ ಮಾತು ಹೇಳಿದರು.

ಅಷ್ಟರಲ್ಲಿ ಓಣಿಯ ಹೆಬ್ಬಾಗಿಲ ಕವಾಟದ ಹತ್ತಿರ ಇದ್ದ ಅಂಬಾರಾಯ ಫೋನಿಗೆ ಸಿಕ್ಕ. ಕವಾಟದ ಪೈಪು ಜೋಡಣೆಯಲ್ಲಿ ಉಪ್ಪು ಕಟ್ಟಿದೆ, ಹೆದರಬೇಡ, ಹುಡುಗರ ಕೈಲಿ ಬಿಸಿನೀರಿನ ಟ್ಯಾಂಕರ್ ತರಿಸಿ ಆಗಲೇ ಸುರಿಸುತ್ತಿದ್ದೇನೆ ಎಂದ.

"ಬಿಸಿನೀರಾ?" ಎಂದಳು ಜಗದೇವಿ, ಬಹಳ ಮೆಲ್ಲಗೆ.

ಆ ಕಡೆಯಿಂದ ಟ್ಯಾಂಕರಿನ ನಲ್ಲಿ ಮುಚ್ಚಿದ ಕೀರಲು ಸದ್ದು ಕೇಳಿತು. "ಕೈ ತಾನೇ ಹೋತು," ಎಂದ ಅಂಬಾರಾಯ. ಅರ್ಧ ಆಯುಷ್ಯ ಸಕ್ಕರೆ ಕಾರ್ಖಾನೆಯಲ್ಲಿ ಸವೆಸಿದ ಕೈ ಅದು. ಅಲ್ಲಿ ಪಾಕ ಪೈಪಿನಲ್ಲಿ ಕಟ್ಟಿದರೆ ಯಾರೂ ಯೋಚಿಸುತ್ತ ನಿಲ್ಲುವುದಿಲ್ಲ, ಉಗಿ ಬಿಡುತ್ತಾರೆ. ಅವನ ಜೊತೆಗಿದ್ದವರೂ ಅದೇ ನೀರು ಕುಡಿದು ಬಂದವರು, ಒಬ್ಬನಾದರೂ ತಡೆಯಲಿಲ್ಲ. ಮಗ್ಗಿ ಬಾಯಿಗೆ ಬಂದಿತ್ತು, ಕೈಗೆ ಬಂದಿರಲಿಲ್ಲ.

ಬೈಯುವುದಕ್ಕೆ ಹೊತ್ತಿರಲಿಲ್ಲ. ಸಿಕ್ಕ ಗೋಣಿಚೀಲಗಳನ್ನೆಲ್ಲ ತಣ್ಣೀರಿನಲ್ಲಿ ಅದ್ದಿ ಪೈಪಿಗೆ ಸುತ್ತಿ, ಒಣಗಲು ಬಿಡಬೇಡಿ ಎಂದು ಹೇಳಿ ಅವಳು ಸ್ಕೂಟರ್ ಕಡೆ ಓಡಿದಳು. ಮೊಯಿನನಿಗೆ ಎರಡು ಮಾತು ಹೇಳಿದ್ದಳು. ಒಂದು, ಕೆಂಪು ಗೆರೆಯ ತನಕ ಕವಾಟ ಮುಟ್ಟಬಾರದು. ಎರಡು, ಗಣಿಯಲ್ಲಿ ಪೈಪು ತೊಳೆಯಲೆಂದು ಇಟ್ಟಿರುವ ಉಪ್ಪಿಲ್ಲದ ತಣ್ಣೀರಿನ ತೊಟ್ಟಿಯನ್ನು ಕುಂಬಾರ ಓಣಿಗೆ ತಿರುಗಿಸಲು ಸಜ್ಜಾಗಿರಬೇಕು. ಆ ತೊಟ್ಟಿ ಸಣ್ಣದು, ಒಂದೇ ಸಲಕ್ಕೆ ಆಗುವಷ್ಟು.

ಬಿಸಿಲು ಮುಖಕ್ಕೆ ಬಡಿಯಿತು. ಆ ಸೀಮೆಯ ಒಣಗಾಳಿಗೆ ಒಂದೇ ಒಂದು ಒಳ್ಳೆಯ ಗುಣ. ಒದ್ದೆ ಬಟ್ಟೆ ಕಂಡರೆ ಅದು ಬಿಡುವುದಿಲ್ಲ, ನೀರನ್ನು ಎಳೆದುಕೊಂಡು ಹೋಗುತ್ತದೆ, ಹೋಗುವಾಗ ಬಟ್ಟೆಯ ಕಾವನ್ನೂ ಒಯ್ಯುತ್ತದೆ. ಗೋಣಿ ಸುತ್ತಿದ ಮಡಕೆಯ ನೀರು ತಣ್ಣಗಿರುವುದು ಹೀಗೇ. ಜಗದೇವಿ ಹೋಗಿ ಮುಟ್ಟುವಷ್ಟರಲ್ಲಿ ಜೋಡಣೆಯ ಪೈಪು ತಣ್ಣಗಾಗಿತ್ತು, ಬಿಸಿನೀರು ಕಟ್ಟಿಸಿದ್ದ ಹರಳು ಸಡಿಲಾಗಿತ್ತು. ಆದರೂ ಹರಿವು ಬರಲಿಲ್ಲ. ಅಂದರೆ ಗಂಟು ಇಲ್ಲಿಯದಲ್ಲ.

ಅಂಬಾರಾಯ ಗಂಡಸಾದರೂ ಅಳುವಂತಾಗಿದ್ದ. ಜಗದೇವಿ ಅವನ ಕೈಯಿಂದ ನಟ್ಟು ತಿರುಗಿಸುವ ಪಾನಾ ಇಸಿದುಕೊಂಡು ಪೈಪಿನ ದಾರಿಗುಂಟ ತಟ್ಟುತ್ತ ನಡೆದಳು. ಗಂಜಿ ತುಂಬಿದ ಪೈಪು ಒಂದು ಥರ ಸದ್ದು ಕೊಡುತ್ತದೆ, ಕಲ್ಲಾದ ಪೈಪು ಇನ್ನೊಂದು ಥರ. ಓಣಿಯ ಮೊದಲ ಮನೆಯ ಗೋಡೆಯ ತನಕ ಗಂಜಿಯ ಸದ್ದೇ ಇತ್ತು. ಮುಂದೆ ಪೈಪು ಆ ಮನೆಯ ನೆಲದಡಿ ನುಗ್ಗುತ್ತದೆ, ಅಲ್ಲಿಂದಲೇ ಉಳಿದ ಮನೆಗಳಿಗೆಲ್ಲ ಹೋಗುತ್ತದೆ. ಆ ಮೊದಲ ಮನೆ ಅವಳದೇ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಾಗಿಲು ತೆಗೆದರೆ ಒಳಗಿನ ಗಾಳಿ ಹೊರಗಿನದಕ್ಕಿಂತ ಕಟ್ಟಿಹೋಗಿತ್ತು. ಮೀಟರು ಮೂವತ್ತೈದು ತೋರಿಸುತ್ತಿತ್ತು. ಭುವನಾ ಮಂಚದ ಮೇಲೆ ಬೆವೆತು ಕೂತು ಕೂಸಿಗೆ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು, ಅದರ ಅಳುವ ದನಿ ಇಷ್ಟೇ ಇಷ್ಟಾಗಿತ್ತು. ಹಾಲು ಕುಡಿಯುತ್ತಿಲ್ಲ ಅವ್ವಾ ಎಂದಳು. ಕಸ್ತೂರೆವ್ವ ಮಂಚದ ಕೆಳಗಿನಿಂದ ಏನನ್ನೋ ಎಳೆಯುತ್ತಿದ್ದಳು.

ಕಬ್ಬಿಣದ ಬುಟ್ಟಿ. ಅದರ ತುಂಬ ಹಿತ್ತಲ ಒಲೆಯ ಮೇಲೆ ಕಾಸಿದ ಇಟ್ಟಿಗೆಗಳು, ಮೇಲೆ ಮುಚ್ಚಿದ ಹಳೆ ಕೌದಿಯ ತುಂಡು. ಹೊಗೆಯಿಲ್ಲ, ಆದ್ದರಿಂದ ಗಂಟೆ ಹೊಡೆದಿರಲಿಲ್ಲ. ದಿನವೂ ಸೊಸೆಯ ಸ್ಕೂಟರ್ ತಿರುವು ದಾಟಿದೊಡನೆ ಮುದುಕಿ ಇಟ್ಟಿಗೆ ಕಾಸಿ ತಂದಿಡುತ್ತಿದ್ದಳು, ಆರಿದೊಡನೆ ಬದಲಿಸುತ್ತಿದ್ದಳು. ಇಡುತ್ತಿದ್ದದ್ದು ಎಲ್ಲಿ? ನೆಲದ ಎಲ್ಲ ಫರ್ಸಿಗಳಿಗಿಂತ ತಣ್ಣಗಿದ್ದ ಒಂದೇ ಫರ್ಸಿಯ ಮೇಲೆ, ಅಂದರೆ ಪೈಪಿನ ನೆತ್ತಿಯ ಮೇಲೆ.

"ಥಂಡಿ ಬರೋ ಬಾಯಿಗೇ ಇಟ್ಟೆನವ್ವ," ಎಂದಳು ಕಸ್ತೂರೆವ್ವ. ಕಣ್ಣು ತಗ್ಗಿಸಲಿಲ್ಲ. "ಮಧ್ಯಾಹ್ನ ಕೋಣಿ ಒಮ್ಮೆಗೇ ಕಾಯ್ತು. ಯಾಕಂತ ತಿಳೀಲಿಲ್ಲ." ಓಣಿಯ ಇನ್ನಿಬ್ಬರು ಬಾಣಂತಿಯರ ಮನೆಗೂ ತಾನೇ ಈ ಉಪಾಯ ಹೇಳಿಕೊಟ್ಟಿದ್ದೇನೆ ಎಂದೂ ಹೇಳಿದಳು. ಮುಚ್ಚಿಡಲಿಲ್ಲ ಎನ್ನುವುದೇ ಅವಳ ದೊಡ್ಡತನ, ಏಕೆಂದರೆ ಆ ಒಂದು ಮಾತು ತಡವಾಗಿದ್ದರೆ ಆ ದಿನದ ಕಥೆಯೇ ಬೇರೆ ಆಗುತ್ತಿತ್ತು.

ಜಗದೇವಿಗೆ ಸಿಟ್ಟು ನೆತ್ತಿಗೇರಿತು. ಅತ್ತೆಯ ಮೇಲೆ ಅಂಥ ಸಿಟ್ಟು ಅವಳಿಗೆ ಎಂದೂ ಬಂದಿರಲಿಲ್ಲ. ನುಂಗಿಕೊಂಡಳು. ಆ ಎರಡು ಮನೆಗಳಿಗೆ ಹುಡುಗರನ್ನು ಓಡಿಸಿ ಬುಟ್ಟಿಗಳನ್ನು ತೆಗೆಸಿದಳು. ಅಂಬಾರಾಯ ಹಾರೆ ಹಾಕಿ ಫರ್ಸಿ ಎಬ್ಬಿಸಿದ. ಕೆಳಗಿನ ಪೈಪನ್ನು ಪಾನಾದಿಂದ ತಟ್ಟಿದರೆ ಠಣ್ ಎನ್ನಬೇಕಾದದ್ದು ದಬ್ ಎಂದಿತು. ಒಳಗೆಲ್ಲ ಗಾರೆ. ಇಟ್ಟಿಗೆಯ ಬಿಸಿಗೆ ದಿನದಿನವೂ ತೆಳ್ಳಗೆ ಕಚ್ಚುತ್ತ ಬಂದದ್ದು, ಆ ಕೆಂಪು ಎಚ್ಚರಿಕೆಯ ದಿನ ಒಮ್ಮೆಗೇ ಮುಚ್ಚಿಕೊಂಡಿತ್ತು.

ಒದ್ದೆ ಗೋಣಿ ಸುತ್ತಿದರು, ಬಾಗಿಲು ತೆರೆದು ಫ್ಯಾನನ್ನು ತಗ್ಗಿಗೆ ಮುಖ ಮಾಡಿ ಇಟ್ಟರು. ಕಸ್ತೂರೆವ್ವ ತಾನೇ ಕೊಡದಿಂದ ನೀರು ಚಿಮುಕಿಸುತ್ತ ಕೂತಳು. ಫೋನಿನಲ್ಲಿ ಮೊಯಿನ್ ಒತ್ತಡ ಓದಿ ಹೇಳುತ್ತಿದ್ದ, ಪ್ರತಿ ಸಲವೂ ಹೆಚ್ಚು. ಕೆಂಪು ಗೆರೆಗೆ ಇನ್ನು ಕೂದಲೆಳೆ ಉಳಿದಿದೆ ಎಂದಾಗ ಜಗದೇವಿ ತೊಟ್ಟಿಯ ತಣ್ಣೀರು ಬಿಡಲು ಹೇಳಿದಳು.

ನೀರು ಬಂತು, ಗಂಟಿನ ಹಿಂದೆ ಬಂದು ನಿಂತಿತು. ಹರಳಿನ ನಡುವೆ ಎಲ್ಲೋ ಒಂದು ಎಳೆಯಷ್ಟು ಸಂದಿ ಇದ್ದಿರಬೇಕು, ಒಂದು ಹನಿ ಸದ್ದು ಕೇಳಿದಂತಾಯಿತು. ಅಷ್ಟರಲ್ಲಿ ಮೊಯಿನನ ದನಿ ಬದಲಾಯಿತು.

"ಮೇಡಂ, ನಿಮ್ಮ ಮನಿ ದಾಟಿದ ಪೈಪಿನ್ಯಾಗ ಕಾವು ಏರಲಿಕತ್ತದ. ತಂಪು ಬರಬೇಕಿತ್ತು, ಬಿಸಿ ಬರಲಿಕತ್ತದ. ಬ್ಯಾರೆ ಕಡೀನೂ ಹರಳು ಕಟ್ಟಲಿಕತ್ತದೇನೋ. ಮುಚ್ಚಲ್ಯಾ?"

ಕಾವು ಏರುವುದಕ್ಕೆ ಎರಡು ಕಾರಣ ಇರಬಹುದು ಎಂದು ಜಗದೇವಿಗೆ ಗೊತ್ತಿತ್ತು. ಹೊರಗಿನ ಬಿಸಿಲು ಪೈಪಿಗೆ ಇಳಿಯುತ್ತಿದ್ದರೆ ಮೊಯಿನ್ ಹೇಳುವುದು ಸರಿ, ಓಣಿಯನ್ನು ಬಿಟ್ಟುಕೊಟ್ಟು ಊರನ್ನು ಉಳಿಸಬೇಕು. ಇಲ್ಲವೇ ಉಪ್ಪು ಕರಗುತ್ತಿರಬೇಕು, ಏಕೆಂದರೆ ಈ ಉಪ್ಪು ಕರಗುವಾಗ ಕುಡಿದ ಕಾವನ್ನು ಕಕ್ಕುತ್ತದೆ. ಮೀಟರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ತಪ್ಪಿದರೆ ಇಡೀ ಊರು. ಸರಿಯಿದ್ದೂ ಹೆದರಿದರೆ ಈ ಕೂಸು. ಅವಳಿಗೆ ನಿಜಕ್ಕೂ ಭಯವಾಯಿತು, ತಗ್ಗಿನ ಅಂಚಿಗೆ ಕೂತುಬಿಟ್ಟಳು.

ಕೂತವಳು ಕೂಸಿಗೆ ಎರೆಯುವ ನೀರಿನ ಬಿಸಿ ನೋಡುವ ಹಾಗೆ ಮುಂಗೈಯನ್ನು ಪೈಪಿಗೆ ತಾಗಿಸಿದಳು. ಗೋಣಿಯ ಈಚೆ, ನೀರು ಬರುವ ಕಡೆ, ತಣ್ಣಗೆ. ಗಂಟಿನ ಮೇಲೆ ಗೋಣಿಯಡಿ ಕೈ ತೂರಿಸಿದಳು, ಉಗುರು ಬೆಚ್ಚಗೆ. ಗಂಟಿನಾಚೆ ಚೆನ್ನಾಗಿ ಬೆಚ್ಚಗೆ. ಬಿಸಿಲಿನ ಕಾವಾಗಿದ್ದರೆ ಒದ್ದೆ ಗೋಣಿಯ ಕೆಳಗೆ ಬಿಸಿ ಹುಟ್ಟುವುದು ಹೇಗೆ? ಅದು ಒಳಗಿನಿಂದಲೇ ಬರುತ್ತಿದೆ. ಇನ್ನೊಂದು ಸಲ ಮುಟ್ಟಿ ನೋಡಿದಳು. ಹಾಗೇ ಇತ್ತು.

"ಮುಚ್ಚಬ್ಯಾಡ," ಎಂದಳು. "ಉಪ್ಪು ಕರಗಲಿಕತ್ತದ. ಇನ್ನೂ ಬಿಸಿ ಆಗ್ತದ, ಆಗಲಿ."

"ಗೆರಿ ಮುಟ್ಟ್ಯದ ಮೇಡಂ."

"ಮುಟ್ಟಲಿ. ಗೆರಿ ದಾಟಿದ್ರ ಮುಚ್ಚು, ನಾ ನಿನಗ ಏನೂ ಅನ್ನಾಂಗಿಲ್ಲ. ಮುಟ್ಟಿದ್ದಕ್ಕ ಮುಚ್ಚಬ್ಯಾಡ."

ಕೋಣೆಯ ಮೀಟರು ಮೂವತ್ತೇಳಕ್ಕೆ ಹೋಯಿತು. ಭುವನಾ ಕೂಸನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನೋಡಿದಳು, ಅಲ್ಲಿ ಬಿಸಿಲು ಬಿಟ್ಟರೆ ಏನಿತ್ತು? ಅಂಬಾರಾಯ ಎರಡೂ ಕೈಯಿಂದ ಪೈಪನ್ನು ಹಿಡಿದು ಕೂತಿದ್ದ. ಕಸ್ತೂರೆವ್ವ ನೀರು ಚಿಮುಕಿಸುವುದನ್ನು ನಿಲ್ಲಿಸಲಿಲ್ಲ, ತುಟಿ ಮಾತ್ರ ಏನೋ ಜಪಿಸುತ್ತಿತ್ತು.

ಮೊದಲು ಪೈಪು ಕೆಮ್ಮಿತು. ಆಮೇಲೆ ಒಳಗೆ ಜರಡಿ ಹಿಡಿದಂಥ ಸರಸರ ಸದ್ದು. ಗಾರೆ ರವೆಯಾಗಿ ಮುಂದೆ ಸರಿಯುತ್ತಿತ್ತು. "ಇಳೀತು," ಎಂದ ಮೊಯಿನ್, "ಇಳೀತ್ರೀ ಮೇಡಂ," ಎಂದು ಮತ್ತೊಮ್ಮೆ ಹೇಳಿ ಫೋನಿನಲ್ಲೇ ಮೂಗು ಎಳೆದುಕೊಂಡ. ಓಣಿಯ ಕೊನೆಯ ಮನೆಯಿಂದ ಯಾರೋ ತಂಪು ಬಂತೆಂದು ಕೂಗಿದರು. ಅಂಬಾರಾಯ ಪೈಪು ಬಿಟ್ಟು, ಹೆಂಡತಿಯ ಹೆಗಲ ಮೇಲೆ ಕೈ ಇಟ್ಟು, ತಾಯಿಯ ಎದುರಿಗೆ ಹಾಗೆ ಇಡಬಾರದೆಂದು ನೆನಪಾಗಿ ತೆಗೆದ.

ಕೋಣೆಯ ಕಾವು ನಿಧಾನಕ್ಕೆ ಇಳಿಯತೊಡಗಿತು. ಕೂಸು ಹಾಲಿಗೆ ಬಾಯಿ ಹಾಕಿತು. ಪೈಪಿನಲ್ಲಿ ಉಳಿದ ಉಪ್ಪು ಇನ್ನೂ ಕರಗುತ್ತಿದ್ದುದರಿಂದ ತಗ್ಗಿನೊಳಗೆ ಮಾತ್ರ ಹಿತವಾದ ಕಾವು ಇತ್ತು. ಕಸ್ತೂರೆವ್ವ ಅಂಗೈಗಳನ್ನು ಅದಕ್ಕೆ ಒಡ್ಡಿ ಕೂತಳು.

"ನಾ ಕೊಟ್ಟಿದ್ದು ತಿರುಗಿ ಕೊಡಲಿಕತ್ತದ ನೋಡು ನಿನ್ನ ಉಪ್ಪು," ಎಂದಳು.

ಜಗದೇವಿಗೆ ನಗು ಬಂತು. ಒಳಗೆ ಗಂಟಾಗಿದ್ದ ಬೈಗುಳದ ಮೂಟೆ ಎಲ್ಲಿ ಹೋಯಿತೋ. ಕರಗಿ ಮುಗಿದ ಮೇಲೆ ಪೈಪು ಮತ್ತೆ ತಣ್ಣಗಾಗುತ್ತದೆ ಎಂದು ಅತ್ತೆಗೆ ತಿಳಿಸಿ ಹೇಳಿದಳು. ಗೊತ್ತಿದೆ, ಆದಾಗ ಮತ್ತೆ ಇಟ್ಟಿಗೆ ಕಾಸುತ್ತೇನೆ ಎಂದಳು ಮುದುಕಿ. ಹೆದರಿಸಲು ಆಡಿದ ಮಾತಲ್ಲ ಅದು, ಮಾಡುವವಳೇ.

ಸಂಜೆಯ ಹೊತ್ತಿಗೆ ಮೀಟರು ಇಪ್ಪತ್ತೈದಕ್ಕೆ ಬಂದು ನಿಂತಿತು. ಎಲ್ಲ ಸರಿಹೋಯಿತೆಂದು ಅಂಬಾರಾಯ ಫರ್ಸಿ ಮುಚ್ಚಲು ಬಗ್ಗಿದ. ಜಗದೇವಿ ಮಂಚದ ಹತ್ತಿರ ಹೋಗಿ, ಬೆಳಗ್ಗೆ ಮಾಡದಿದ್ದ ಕೆಲಸ ಮಾಡಿದಳು. ಬಟ್ಟೆ ಸರಿಸಿ ಕೂಸಿನ ಅಂಗಾಲು ಮುಟ್ಟಿದಳು. ಗಣಿಯ ತಳದ ಕಲ್ಲಿನಷ್ಟು ತಣ್ಣಗಿತ್ತು, ಬೆರಳ ತುದಿ ನೀಲಿಗಟ್ಟಿತ್ತು. ಊರಿಗೆಲ್ಲ ಒಂದೇ ಇಪ್ಪತ್ತೈದು ಎಂದು ಗೆರೆ ಎಳೆದವಳು ತಾನೇ. ಗೆರೆ ಎಳೆಯುವಾಗ ದೊಡ್ಡವರ ಮೈ ನೆನೆದಿದ್ದಳು, ಅಂಗೈ ಅಗಲದವರನ್ನು ನೆನೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಗಂಡನಿಗೆ ಫರ್ಸಿ ಮುಚ್ಚಬೇಡಿರಿ ಎಂದಳು. ಮುಖ್ಯ ಪೈಪಿನಿಂದ ಆ ಕೋಣೆಗೆ ಕವಲೊಡೆಯುವಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ಕೇಂದ್ರದವರ ಹೊರತು ಯಾರೂ ಮುಟ್ಟಕೂಡದೆಂದು ಅದಕ್ಕೆ ಮೊಹರು ಹಾಕಿಸಿದವಳೂ ಅವಳೇ. ತಗ್ಗಿಗಿಳಿದು ಆ ಮೊಹರು ಕಿತ್ತಳು, ಓಣಿಯ ಹರಿವನ್ನು ಹಾಗೇ ಬಿಟ್ಟು ಕೋಣೆಯ ಕವಲನ್ನು ಮುಕ್ಕಾಲು ಮುಚ್ಚಿದಳು. ಇನ್ನೆರಡು ಬಾಣಂತಿ ಮನೆಗಳಲ್ಲೂ ಹೀಗೇ ಮಾಡಿ ಬನ್ನಿ ಎಂದು ಅಂಬಾರಾಯನನ್ನು ಕಳಿಸಿದಳು. ಕಸ್ತೂರೆವ್ವ ಮಂಚದ ಕೆಳಗಿನಿಂದ ಎಳೆದಿಟ್ಟಿದ್ದ ಕಬ್ಬಿಣದ ಬುಟ್ಟಿಯನ್ನು ಎತ್ತಿ ಹಿತ್ತಲಿಗೆ ಒಯ್ದು, ಇಟ್ಟಿಗೆಗಳನ್ನು ಗೋಡೆಗೆ ಒಟ್ಟಿ ಬಂದಳು.

ಕೋಣೆ ಬೆಚ್ಚಗಾಗುತ್ತ ಬಂತು. ಜಗದೇವಿ ಕೂಸಿನ ಅಂಗಾಲನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು. ಫೋನು ಹೊಡೆಯಿತು, ಮೊಯಿನ್.

"ಮೇಡಂ, ನಿಮ್ಮ ಮನಿ ಕೋಣಿ ಮೂವತ್ತು ದಾಟ್ಯದ. ಇಲ್ಲಿ ಮತ್ತ ಕೆಂಪು ತೋರಸಲಿಕತ್ತದ."

"ತೋರಸಲಿ ಬಿಡಪ್ಪಾ," ಎಂದಳು ಜಗದೇವಿ. "ಕೂಸಿನ ಕಾಲು ಬೆಚ್ಚಗವ."